ಗ್ರಾಮದ ಕೆರೆಗಳ ಏರಿ ಮತ್ತು ಕೋಡಿಗಳ ಸಂರಕ್ಷಣೆ

ಕೆರೆಯ ಏರಿ ಒಡೆಯಿತೆಂಬ ಸುದ್ದಿ ಬಯಲುಸೀಮೆಯಲ್ಲಿ ಸಾಮಾನ್ಯವಾಗಿ ಹಸ್ತಾ ಚಿತ್ತಾ ಮಳೆಗಳ ರಾತ್ರಿಯಲ್ಲಿ ಹುಟ್ಟುವುದು. ಆ ರಾತ್ರಿ ಊರಿನವರು ದೀಪ ಹಿಡಿದು, ಗುದ್ದಲಿ ಮಂಕರಿಗಳನ್ನು ಹೊತ್ತು ಏರಿಯ ಕಡೆಗೆ ಓಡುವರು. ಕೈಗೆ ಸಿಕ್ಕಿದ ಮಣ್ಣನ್ನೂ ಸೊಪ್ಪನ್ನೂ ತಂದು ತುಂಬುವರು. ಬೆಳಗಾಗುವ ವೇಳೆಗೆ ಏರಿಯ ನಡುವೆ ಆಳವಾದ ಕಂದಕವೂ, ಅಚ್ಚುಕಟ್ಟಿನ ಗದ್ದೆಗಳ ಮೇಲೆ ಮೊಳಕಾಲುದ್ದ ಮರಳೂ ಉಳಿದಿರುವುವು. ತರುವಾಯ ಮಳೆ ಮಿತಿ ಮೀರಿತೆಂದೂ, ದೈವ ಮುನಿಯಿತೆಂದೂ ಹೇಳಿಕೊಂಡು ಎಲ್ಲರೂ ಸಮಾಧಾನ ಪಟ್ಟುಕೊಳ್ಳುವರು. ಆದರೆ ನಿಧಾನವಾಗಿ ವಿಚಾರಿಸಿ ನೋಡಿದರೆ, ಅಂಥ ಏರಿಗಳಲ್ಲಿ ಬಹು ಪಾಲು ಮಳೆಯ ರಾತ್ರಿಯಲ್ಲಿ ಒಡೆದವುಗಳಲ್ಲವೆಂದು ತಿಳಿದುಬರುವುದು. ಅದಕ್ಕೆ ಹಿಂದಿನ ಬೇಸಗೆಗಳಲ್ಲಿ, ಹಗಲು ಹೊತ್ತಿನಲ್ಲಿ, ಹತ್ತು ಜನರ ಕಣ್ಣೆದುರಿನಲ್ಲಿಯೇ ಅವು ಒಡೆಯುವುದಕ್ಕೆ ಸಿದ್ಧವಾಗಿದ್ದುವು. ರಾತ್ರಿಯ ಮಳೆ ಆ ಕೆಲಸವನ್ನು ಮುಗಿಸಿತು, ಅಷ್ಟೆ.

ಕೆರೆಯೆಂದರೆ ಗದ್ದೆಗೆ ನೀರು ಕೊಡುವ ಸಾಧನವೆಂದು ಮಾತ್ರ ಜಮೀನುದಾರರು ಭಾವಿಸುವುದು ವಾಡಿಕೆ. ಅದು ಪ್ರವಾಹವನ್ನು ತಡೆಯುವ ಕಟ್ಟೆಯೂ ಆಗಿರುವುದೆಂಬುದನ್ನು ನೆನೆಯುವವರು ಕಡಿಮೆ. ಮೇಲಿನ ದಿಣ್ಣೆಗಳ ಮೇಲೆ ಬಿದ್ದ ಮಳೆ ಒಂದೇ ಸಲ ಹಳ್ಳಕ್ಕೆ ನುಗ್ಗದಂತೆ ಅದನ್ನು ಹಿಡಿದು ನಿಲ್ಲಿಸಿ, ಹೆಚ್ಚಾದದ್ದನ್ನು ಕೋಡಿಯ ಮೂಲಕ ಮೆಲ್ಲಗೆ ಕೆಳಗಿನ ಕೆರೆಗೆ ಬಿಡುವುದು ಕೆರೆಯ ಎರಡನೆಯ ಧರ್ಮವು. ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರಾಗಿದ್ದ ಸ್ಯಾಂಕಿಯವರು ೧೮೬೦ರ ದಶಕದಲ್ಲಿಯೇ, ಸಂಸ್ಥಾನದ ೨೭,೨೬೯ ಚದರ ಮೈಲಿ ವಿಸ್ತೀರ್ಣದಲ್ಲಿ ನೂರಕ್ಕೆ ಸುಮಾರು ೬೦ ಪಾಲು ಕೆರೆಗಳ ಏರ್ಪಾಟಿಗೆ ಒಳಪಟ್ಟಿರುವುದನ್ನು ಕಂಡು ಆಶ್ಚರ್ಯಪಟ್ಟಿದ್ದರು. ಒಂದು ಕೆರೆಯ ಕೋಡಿ ಇನ್ನೊಂದು ಕೆರೆಯ ಒಳಹರಿವಾಗಿ, ಸರದ ಮಣಿಗಳಂತೆ ಅವು ಒಂದರ ಕೆಳಗೊಂದು ಪೋಣಿಸಲ್ಪಟ್ಟಿವೆ. ಈ ಏರ್ಪಾಟಿನಲ್ಲಿ ಎಷ್ಟು ಸೌಕರ್ಯವುಂಟೋ ಅಷ್ಟೇ ಅಪಾಯವೂ ಉಂಟು. ಮೇಲಿನ ಕೆರೆ ಒಡೆದರೆ ಅದರ ನೀರೆಲ್ಲವೂ ಒಂದೆರಡು ಗಳಿಗೆಯಲ್ಲಿ ಕೆಳಗಿನ ಕೆರೆಯ ಮೇಲೆ ಬೀಳುವುದು. ಅಷ್ಟು ನೀರನ್ನು ಹೊರಗೆ ಬಿಡುವ ಶಕ್ತಿ ಕೆಳಗಿನ ಕೋಡಿಗೆ ಇರುವುದಿಲ್ಲ. ಆದಕಾರಣ ಅದೂ ಒಡೆಯುವುದು. ಹೀಗೆ ಒಂದು ಊರಿನ ಅಲಕ್ಷ್ಯವು ಕೆಳಗಿನ ನಾಲ್ಕು ಊರುಗಳ ನಷ್ಟವಾಗಿ ಪರಿಣಮಿಸುವುದು.

ಹಿಂದಿನವರು ಈ ವಿಷಯದಲ್ಲಿ ಎಷ್ಟು ಎಚ್ಚರಿಕೆಯುಳ್ಳವರಾಗಿದ್ದರೆಂಬುದಕ್ಕೆ ಕಡಪಾ ಸೀಮೆಯ ಪೋರುಮಾಮಿಳ್ಳ ಕೆರೆಯ ಶಾಸನವೇ ಸಾಕ್ಷಿ. ವಿಜಯನಗರದ ಬುಕ್ಕರಾಯನ ಮಗನಾದ ಭಾಸ್ಕರನು ೧೩೬೯ರಲ್ಲಿ ಹಾಕಿಸಿದ ಆ ಶಾಸನದಲ್ಲಿ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ, ಕೆರೆಗೆ ಒದಗುವ ಆರು ದೋಷಗಳನ್ನೂ ಎಣಿಸಿ ಹೇಳಿದೆ. ಆ ದೋಷಗಳಲ್ಲಿ ಏರಿಯಿಂದ ನೀರು ಜಿನುಗುವುದೂ ಒಂದು. ಸಾವಿರ ಮಂದಿ ಆಳುಗಳೂ ನೂರು ಬಂಡಿಗಳೂ ಎರಡು ವರ್ಷ ದುಡಿದು ಆ ಕೆರೆಯನ್ನು ಕಟ್ಟಿದರೆಂದು ಅದರಲ್ಲಿಯೇ ಬರೆದಿದೆ. ಕನ್ನಡ ನಾಡಿನ ಶಾಸನಗಳಲ್ಲಿಯೂ ಕೆರೆಯ ಜೀರ್ಣೋದ್ಧಾರಕ್ಕೆಂದು ಕೆರೆಗೊಡಗೆ, ಬಿತ್ತುವಟ್ಟ, ದಶವಂದ ಮುಂತಾದ ಹೆಸರುಗಳಿಂದ ಭೂಮಿಯನ್ನೂ ಆದಾಯವನ್ನೂ ಬಿಟ್ಟುಕೊಟ್ಟ ಸಂಗತಿ ಹೇರಳವಾಗಿ ದೊರೆಯುವುದು. ಕೆರೆ ಕಟ್ಟಿದರೆ ಮುಗಿಯಲಿಲ್ಲ, ಅದನ್ನು ವರ್ಷ ವರ್ಷವೂ ಕಾಯುವುದಕ್ಕೆ ಒಂದು ಜೀವನಾಧಾರವನ್ನು ಏರ್ಪಡಿಸಬೇಕೆಂಬುದು ಅವರ ಅಭಿಪ್ರಾಯವಾಗಿತ್ತು.

ಈಚಿನ ಕಾಲದವರೆಗೂ ಆ ಕಾವಲು ಊರಿನಲ್ಲಿಯೇ ಇತ್ತು. ತೂಬು ತೆಗೆದು ಮುಚ್ಚುವುದಕ್ಕೂ, ಗದ್ದೆಗಳಿಗೆ ನೀರು ಹಂಚುವುದಕ್ಕೂ ನೀರುಗಂಟಿಯಿದ್ದನು; ಸುಗ್ಗಿಯಲ್ಲಿ ಅವನಿಗೆ ಧಾನ್ಯದ ಪಾಲು ಸಲ್ಲುತ್ತಿತ್ತು. ಏರಿಯ ಮೇಲೆ ದಿನವೂ ನಡೆದಾಡುವ ಆ ಒಬ್ಬ ಮನುಷ್ಯನಿಗೆ ಎಲ್ಲಿ ಹೊಸದಾಗಿ ಬಿಲ ಬಿದ್ದಿದೆ, ಎಲ್ಲಿ ನೆಲ ತೇವವಾಗಿದೆ ಎಂಬುದು ಬಾಯಿಪಾಠವಾಗಿರುತ್ತಿತ್ತು. ಸಣ್ಣ ಕೆರೆಗಳ ಮಣ್ಣಿನ ಕೆಲಸವನ್ನು ಅಚ್ಚುಕಟ್ಟುದಾರರೇ ಮಾಡಿಕೊಳ್ಳತಕ್ಕದ್ದೆಂಬ ಕಟ್ಟಳೆಯೂ ಮೈಸೂರು ಸಂಸ್ಥಾನದಲ್ಲಿತ್ತು. ೧೯೬೧ರ ಗ್ರಾಮಾಧಿಕಾರಗಳ ರದ್ದಿಯಾತಿ ಶಾಸನದಿಂದ ವಂಶಪಾರಂಪರ್ಯದ ಹುದ್ದೆಗಳು ನಿಂತುಹೋದುವು. ಹುಟ್ಟಿನಿಂದ ಒಬ್ಬನಿಗೆ ಒಂದು ಕೆಲಸವನ್ನು ಕಟ್ಟಿಹಾಕುವ ಪದ್ಧತಿ ಹೋದದ್ದು ನ್ಯಾಯವೇ. ಆದರೆ ಆ ಕೆಲಸವನ್ನು ಬೇರೆ ಯಾರು ಮಾಡಬೇಕೆಂಬುದನ್ನು ಬಹು ಊರುಗಳು ಇದುವರೆಗೂ ಗೊತ್ತುಮಾಡಿಕೊಂಡಿಲ್ಲ. ಈಗ ೪೦ ಹೆಕ್ಟೇರುಗಳೊಳಗಿನ ಅಚ್ಚುಕಟ್ಟುಳ್ಳ ಕೆರೆಗಳು ಪಂಚಾಯತಿಗಳ ವಶದಲ್ಲಿಯೂ, ಅದಕ್ಕೆ ಮೇಲ್ಪಟ್ಟವು ಸಣ್ಣ ನೀರಾವರಿ ಇಲಾಖೆಯ ವಶದಲ್ಲಿಯೂ ಇರುವುವು. ಎಲ್ಲರಿಗೂ ಸೇರಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ದೊಡ್ಡ ಕಟ್ಟೆಗಳ ಕ್ಷೇಮಕ್ಕಾಗಿ ೨೦೨೧ರಲ್ಲಿ ಅಣೆಕಟ್ಟು ಸುರಕ್ಷತಾ ಶಾಸನವು ಬಂದಿದೆ. ಅದು ೧೫ ಮೀಟರಿಗಿಂತ ಎತ್ತರವಾದ ಕಟ್ಟೆಗಳಿಗೂ, ೧೦ರಿಂದ ೧೫ ಮೀಟರು ಎತ್ತರವುಳ್ಳವುಗಳಲ್ಲಿ ಉದ್ದ, ನೀರಿನ ಸಂಗ್ರಹ ಮೊದಲಾದ ಕೆಲವು ಲಕ್ಷಣಗಳಿರುವವುಗಳಿಗೂ ಅನ್ವಯಿಸುವುದು. ಹದಿನೈದು ಇಪ್ಪತ್ತು ಅಡಿ ಎತ್ತರದ ಊರ ಕೆರೆಯ ಏರಿಗೆ ಅದರ ನೆರಳು ಬೀಳುವುದಿಲ್ಲ. ಕರ್ನಾಟಕದ ೩೬ ಸಾವಿರಕ್ಕೂ ಮೇಲ್ಪಟ್ಟ ಕೆರೆಗಳಲ್ಲಿ ಅತ್ಯಧಿಕ ಭಾಗವು ಇಂಥ ಸಣ್ಣವೇ ಆಗಿರುವುವು. ಆದ್ದರಿಂದ ಊರಿನ ಮುಖಂಡರೂ ಜಮೀನುದಾರರೂ ಕಾಯದ ಹೊರತು ಅವುಗಳನ್ನು ಕಾಯುವವರು ಬೇರೆ ಇಲ್ಲವೆಂದೇ ತಿಳಿಯತಕ್ಕದ್ದು.

ಕಾಯಬೇಕಾದವುಗಳಲ್ಲಿ ಮೊದಲನೆಯದು ಏರಿಯಲ್ಲ, ಕೋಡಿ. ಮಣ್ಣಿನ ಏರಿಯು ಎಷ್ಟು ದಪ್ಪವಾಗಿದ್ದರೂ ತನ್ನ ಮುಂದೆ ನಿಂತ ನೀರನ್ನು ತಡೆಯಬಲ್ಲದೇ ಹೊರತು ತನ್ನ ನೆತ್ತಿಯ ಮೇಲೆ ಹರಿಯುವ ನೀರನ್ನು ತಾಳಲಾರದು. ನೀರು ಒಂದು ಕಡೆ ನೆತ್ತಿಯನ್ನು ದಾಟಿ ಹೊರಮೈಮೇಲೆ ಇಳಿಯಲಾರಂಭಿಸಿದರೆ, ಮೆಟ್ಟಿಲು ಮೆಟ್ಟಿಲಾಗಿ ಮಣ್ಣನ್ನು ಕಿತ್ತುಕೊಂಡು ಹೋಗುವುದು. ಹಾಗಾಗದಂತೆ ನೀರಿಗೆ ಬೇರೆ ದಾರಿ ಕೊಡುವುದೇ ಕೋಡಿಯ ಕೆಲಸ. ಈ ಕೋಡಿಯ ವಿಷಯದಲ್ಲಿಯೇ ಊರಿನಲ್ಲಿ ಎರಡು ಪಕ್ಷಗಳಿರುವುವು. ಅಚ್ಚುಕಟ್ಟಿನ ಜಮೀನುದಾರರು ಇನ್ನೊಂದು ಅಡಿ ನೀರು ನಿಂತರೆ ಬೇಸಗೆಯ ಬೆಳೆಗೆ ಆದೀತೆಂದು ಕೋಡಿಯ ಮೇಲೆ ಮರಳಿನ ಮೂಟೆಗಳನ್ನೂ ಕಲ್ಲು ಮಣ್ಣುಗಳನ್ನೂ ಏರಿಸುವರು. ಕೆರೆಯ ಹಿಂಬದಿಯಲ್ಲಿ ಜಮೀನುಳ್ಳವರು ತಮ್ಮ ಬೆಳೆ ಮುಳುಗಿತೆಂದು ಕತ್ತಲೆಯಲ್ಲಿ ಬಂದು ಅದೇ ಕೋಡಿಯನ್ನು ಹಾರೆಯಿಂದ ಮೀಟುವರು. ಒಬ್ಬರು ಏರಿಸಿದ್ದನ್ನು ಮತ್ತೊಬ್ಬರು ಕೆಡಿಸುತ್ತಾ ಕೋಡಿಯ ಕಟ್ಟಡವು ಶಿಥಿಲವಾಗುವುದು. ಏರಿಯ ಕೆಳಗೆ ಗುಡಿಸಲು ಹಾಕಿಕೊಂಡಿರುವವರು ಮೂರನೆಯ ಪಕ್ಷದವರು. ಅವರಿಗೆ ಮೇಲೂ ಜಮೀನಿಲ್ಲ, ಕೆಳಗೂ ಜಮೀನಿಲ್ಲ. ಆದಕಾರಣ ಅವರನ್ನು ಯಾರೂ ಕೇಳುವುದಿಲ್ಲ. ಏರಿ ಒಡೆದರೆ ಮೊದಲು ಹೋಗುವುದು ಅವರ ಪ್ರಾಣವೇ.

ಒಂದು ಅಡಿ ಏರಿಸುವುದರಿಂದ ಏನಾಗುವುದೆಂಬುದನ್ನು ಲೆಕ್ಕದಿಂದ ತೋರಿಸಬಹುದು. ಒಂದು ಕೆರೆಯ ಕೋಡಿ ೬೦ ಅಡಿ ಉದ್ದವಾಗಿದ್ದು, ಏರಿಯ ನೆತ್ತಿಯು ಕೋಡಿಗಿಂತ ೩ ಅಡಿ ಎತ್ತರವಾಗಿದೆಯೆಂದು ಭಾವಿಸೋಣ. ಕೋಡಿಯ ಮೇಲೆ ನೀರು ಪೂರಾ ೩ ಅಡಿ ಎತ್ತರ ಹರಿದರೆ ಸೆಕೆಂಡಿಗೆ ಸುಮಾರು ೯೩೦ ಘನ ಅಡಿ ನೀರು ಹೊರಹೋಗುವುದು. ಅದರ ಮೇಲೆ ಒಂದು ಅಡಿ ಎತ್ತರಕ್ಕೆ ಮೂಟೆಗಳನ್ನು ಒಟ್ಟಿದರೆ ಹರಿಯುವುದಕ್ಕೆ ಉಳಿಯುವುದು ಎರಡೇ ಅಡಿ. ಮೂರರಲ್ಲಿ ಒಂದು ಪಾಲು ಕಡಿಮೆಯಾಯಿತು, ಮೂರರಲ್ಲಿ ಎರಡು ಪಾಲು ನೀರಾದರೂ ಹೋದೀತು ಎಂದು ನೋಡಿದವರಿಗೆ ತೋರುವುದು. ಅದು ಹಾಗಲ್ಲ. ನೀರಿನ ಎತ್ತರ ತಗ್ಗಿದಂತೆ ಅದರ ವೇಗವೂ ತಗ್ಗುವುದರಿಂದ, ಎರಡು ಅಡಿ ಎತ್ತರದಲ್ಲಿ ಹೋಗುವುದು ಸೆಕೆಂಡಿಗೆ ಸುಮಾರು ೫೧೦ ಘನ ಅಡಿ ಮಾತ್ರ. ಕೋಡಿಯ ಶಕ್ತಿಯಲ್ಲಿ ಹೆಚ್ಚು ಕಡಿಮೆ ಅರ್ಧವೇ ಹೋಯಿತು.

ಇನ್ನು ಒಳಗೆ ಬರುವ ನೀರಿನ ಲೆಕ್ಕ. ಒಂದು ಚದರ ಮೈಲಿ ನೆಲದ ಮೇಲೆ ಒಂದು ಅಂಗುಲ ಮಳೆ ಎಂದರೆ ಸುಮಾರು ೨೩ ಲಕ್ಷ ಘನ ಅಡಿ ನೀರು. ಈ ಕೆರೆಗೆ ಒಂದು ಚದರ ಮೈಲಿಯ ನೀರು ಬರುವುದೆಂದೂ, ಒಂದು ಗಂಟೆಯಲ್ಲಿ ಎರಡು ಅಂಗುಲ ಮಳೆ ಬಿದ್ದು ಅದರಲ್ಲಿ ಅರ್ಧ ನೆಲಕ್ಕೆ ಇಂಗಿ ಅರ್ಧ ಹರಿದು ಬರುವುದೆಂದೂ ಇಟ್ಟುಕೊಂಡರೆ, ಸೆಕೆಂಡಿಗೆ ಸುಮಾರು ೬೪೫ ಘನ ಅಡಿಯಾಗುವುದು. ಕೆರೆ ಮೊದಲೇ ತುಂಬಿದ್ದು ಮಳೆ ಬಿಡದೆ ಹಿಡಿದರೆ, ಬಂದಷ್ಟು ನೀರು ಹೊರಗೆ ಹೋಗಲೇಬೇಕು. ತೆರೆದ ಕೋಡಿಯ ಮೇಲೆ ಅಷ್ಟು ನೀರು ಹೋಗುವುದಕ್ಕೆ ಎರಡು ಅಡಿ ನಾಲ್ಕು ಅಂಗುಲ ಎತ್ತರ ಸಾಕು. ಏರಿಯ ನೆತ್ತಿ ಇನ್ನೂ ಎಂಟು ಅಂಗುಲ ಮೇಲೆ ಉಳಿದಿರುವುದು, ಊರು ನಿದ್ರೆ ಮಾಡಬಹುದು. ಮೂಟೆ ಒಟ್ಟಿದ ಕೋಡಿಯಲ್ಲಿಯಾದರೋ ನೀರು ಮೂರು ಅಡಿ ನಾಲ್ಕು ಅಂಗುಲ ಏರಬೇಕಾಗುವುದು. ಏರಿಯಿರುವುದು ಮೂರೇ ಅಡಿ. ಅದೇ ಮಳೆ, ಅದೇ ಕೆರೆ, ಅದೇ ಏರಿ. ಉಳಿಯುವುದಕ್ಕೂ ಒಡೆಯುವುದಕ್ಕೂ ನಡುವೆ ಇದ್ದದ್ದು ಒಂದು ಸಾಲು ಮರಳಿನ ಮೂಟೆ.

ಕೋಡಿಗೆ ಮೂಟೆಯೊಂದೇ ಶತ್ರುವಲ್ಲ. ಮೀನಿನ ಗುತ್ತಿಗೆದಾರರು ಮರಿಗಳು ಹೊರಹೋಗದಂತೆ ಕೋಡಿಗೆ ಅಡ್ಡಲಾಗಿ ಬಲೆಯನ್ನೋ ತಂತಿಯ ಜಾಲರಿಯನ್ನೋ ಕಟ್ಟುವರು. ಪ್ರವಾಹದಲ್ಲಿ ತೇಲಿಬಂದ ಕಸಕಡ್ಡಿ ಅದಕ್ಕೆ ಮೆತ್ತಿಕೊಂಡು ಒಂದು ಗಳಿಗೆಯಲ್ಲಿ ಅದು ಗೋಡೆಯಾಗುವುದು. ಕೋಡಿಯಿಂದ ಮುಂದಕ್ಕೆ ನೀರು ಹೋಗುವ ಹಳ್ಳವು ವರ್ಷದ ಹತ್ತು ತಿಂಗಳು ಒಣಗಿರುವುದರಿಂದ ಅಕ್ಕಪಕ್ಕದವರು ಬದುವನ್ನು ಒತ್ತಿ ಒತ್ತಿ ಅದನ್ನು ಕಾಲುದಾರಿಯಷ್ಟು ಕಿರಿದು ಮಾಡುವರು. ಕೆಲವರು ಅದರಲ್ಲಿಯೇ ಅಡಕೆಯ ಸಸಿ ನೆಡುವರು. ಹೊಸ ರಸ್ತೆ ಹಾಕುವಾಗ ಆ ಹಳ್ಳಕ್ಕೆ ಒಂದೆರಡು ಸಣ್ಣ ಕೊಳವೆಗಳನ್ನಿಟ್ಟು ಮುಚ್ಚುವುದೂ ಉಂಟು. ಕೋಡಿ ತೆರೆದಿದ್ದು ಹಳ್ಳ ಮುಚ್ಚಿದ್ದರೆ ಬಾಗಿಲು ತೆರೆದು ಅಂಗಳಕ್ಕೆ ಗೋಡೆ ಹಾಕಿದಂತಾಗುವುದು. ದೊಡ್ಡ ಕಟ್ಟೆಗಳಿಗೂ ಈ ನಿಯಮ ಒಂದೇ. ಗುಜರಾತಿನ ಮಚ್ಛು ನದಿಯ ಎರಡನೆಯ ಕಟ್ಟೆಯು ೧೯೭೯ರ ಆಗಸ್ಟ್ ೧೧ರಂದು ಒಡೆದು ಮೋರ್ಬಿ ಪಟ್ಟಣವನ್ನು ಹಾಳುಮಾಡಿದ್ದು, ಹೊರಬಿಡುವ ಶಕ್ತಿಗಿಂತ ಬಹಳ ಹೆಚ್ಚಾದ ನೀರು ಬಂದು ಅದರ ಮಣ್ಣಿನ ಏರಿಯನ್ನು ದಾಟಿದ್ದರಿಂದಲೇ.

ನೀರಿಗೆ ಇಷ್ಟು ಬರಗಾಲವಿರುವಾಗ ಒಂದು ಅಡಿ ನೀರನ್ನು ಹೇಗೆ ಬಿಟ್ಟುಕೊಡುವುದೆಂದು ಅಚ್ಚುಕಟ್ಟುದಾರರು ಕೇಳಬಹುದು. ಆ ಪ್ರಶ್ನೆ ಅನ್ಯಾಯವಾದದ್ದಲ್ಲ. ಕೊಳವೆ ಬಾವಿಗಳು ಬತ್ತಿರುವ ಸೀಮೆಯಲ್ಲಿ ಒಂದು ಅಡಿ ನೀರೆಂದರೆ ಒಂದು ಬೆಳೆ. ಆದರೆ ಆ ನೀರನ್ನು ಪಡೆಯುವ ದಾರಿ ಕೋಡಿಯ ಮೇಲಿಲ್ಲ, ಕೆರೆಯ ಅಂಗಳದಲ್ಲಿದೆ. ಹೂಳನ್ನು ತೆಗೆದರೆ ಅದೇ ಕೋಡಿಯ ಕೆಳಗೆ ಹೆಚ್ಚು ನೀರು ನಿಲ್ಲುವುದು, ಹೂಳುಮಣ್ಣು ಹೊಲಕ್ಕೂ ಆಗುವುದು. ಅದು ಸಾಲದೆ ಕೋಡಿಯನ್ನೇ ಏರಿಸಬೇಕಾದರೆ, ಏರಿಯನ್ನೂ ಅಷ್ಟೇ ಏರಿಸಿ, ಅದರ ಬುಡವನ್ನೂ ಅದಕ್ಕೆ ತಕ್ಕಂತೆ ಅಗಲ ಮಾಡಿ, ಕೋಡಿಯ ಉದ್ದವನ್ನು ಲೆಕ್ಕ ಹಾಕಿ ನೋಡಬೇಕು. ಅದು ಇಂಜಿನಿಯರರ ಕೆಲಸ. ಗುದ್ದಲಿ ಹಿಡಿದು ಹೊರಟ ನಾಲ್ವರ ಕೆಲಸವಲ್ಲ. ಹಿಂಬದಿಯ ಜಮೀನುದಾರರ ದೂರನ್ನೂ ತಳ್ಳಿಹಾಕಕೂಡದು. ಕೆರೆಯ ಗಡಿಯನ್ನು ಅಳತೆ ಮಾಡಿಸಿ ಕಲ್ಲು ನೆಡಿಸಿದರೆ, ಮುಳುಗಿದ್ದು ಅವರ ಜಮೀನೋ ಕೆರೆಯ ಅಂಗಳವೋ ಎಂಬುದು ತಿಳಿಯುವುದು. ಅವರ ಜಮೀನೇ ಆಗಿದ್ದರೆ ಪರಿಹಾರವನ್ನು ನ್ಯಾಯವಾಗಿ ಕೇಳುವುದಕ್ಕೆ ದಾರಿಯಾಗುವುದು. ಹಾರೆ ಮಾತ್ರ ದಾರಿಯಲ್ಲ.

ಕೋಡಿಯ ತರುವಾಯ ಏರಿ. ಹೆಚ್ಚು ಖರ್ಚಿಲ್ಲದೆ ಮಾಡಬಹುದಾದ ಮೊದಲನೆಯ ಪರೀಕ್ಷೆಯೆಂದರೆ ನೆತ್ತಿಯ ಮಟ್ಟವನ್ನು ನೋಡುವುದು. ಗಾಡಿಗಳೂ ದನಗಳೂ ಓಡಾಡಿ ನೆತ್ತಿಯು ಅಲ್ಲಲ್ಲಿ ತಗ್ಗಾಗುವುದು. ಏರಿಯ ಸಾವಿರ ಅಡಿ ಉದ್ದದಲ್ಲಿ ಒಂಬೈನೂರ ತೊಂಬತ್ತು ಅಡಿ ಸರಿಯಾಗಿದ್ದು ಹತ್ತು ಅಡಿ ತಗ್ಗಾಗಿದ್ದರೂ, ಏರಿಯ ಎತ್ತರವೆಂದರೆ ಆ ಹತ್ತು ಅಡಿಯ ಎತ್ತರವೇ. ಗಾರೆ ಕೆಲಸದವರು ಬಳಸುವ ನೀರು ತುಂಬಿದ ಕೊಳವೆಯಿಂದ, ಕೋಡಿಯ ಮಟ್ಟವನ್ನು ಹಿಡಿದುಕೊಂಡು ಇಪ್ಪತ್ತೈದು ಅಡಿಗೊಂದು ಕಡೆ ಅಳೆದರೆ ಅರ್ಧ ದಿನದಲ್ಲಿ ಕೆಲಸ ಮುಗಿಯುವುದು. ತಗ್ಗಿದ್ದ ಕಡೆಗಳಲ್ಲಿ ಮೊದಲು ಹುಲ್ಲನ್ನು ಕೆತ್ತಿ, ಹಳೆಯ ಮಣ್ಣನ್ನು ಕೆದಕಿ ಒದ್ದೆ ಮಾಡಿ, ಅರ್ಧ ಅಡಿಯ ಪದರ ಪದರವಾಗಿ ಹೊಸ ಮಣ್ಣನ್ನು ಹಾಕಿ ದಿಮ್ಮಸಿನಿಂದ ಬಡಿಯತಕ್ಕದ್ದು. ಒಣ ಮಣ್ಣನ್ನು ಸುಮ್ಮನೆ ಸುರಿದು ಬಂದರೆ ಮೊದಲನೆಯ ಮಳೆಗೆ ಅದು ಕುಸಿದುಹೋಗುವುದು. ಈ ಕೆಲಸಕ್ಕೆ ಬೇಕಾದ ಮಣ್ಣನ್ನು ಏರಿಯ ಬುಡದಿಂದ ಮಾತ್ರ ಎಂದಿಗೂ ಅಗೆಯಕೂಡದು.

ಬಿಲಗಳ ವಿಷಯದಲ್ಲಿಯೂ ಜಾಗರೂಕತೆ ಬೇಕು. ಹೆಗ್ಗಣ, ಏಡಿ, ಮುಳ್ಳುಹಂದಿಗಳು ಏರಿಯಲ್ಲಿ ತೋಡಿದ ಬಿಲಗಳು ಬೇಸಗೆಯಲ್ಲಿ ನಿರಪಾಯವಾಗಿ ತೋರುವುವು. ನೀರಿನ ಮಟ್ಟ ಅವುಗಳ ಬಾಯಿಗೆ ಬಂದ ದಿನ ಅವು ಕಾಲುವೆಗಳಾಗುವುವು. ಅಂಥ ಬಿಲವನ್ನು ಕೊನೆಯವರೆಗೂ ಅಗೆದು ತೆಗೆದು ಹದವಾದ ಜೇಡಿ ಬೆರೆತ ಮಣ್ಣಿನಿಂದ ಬಡಿದು ತುಂಬಬೇಕು; ಬಾಯಿಗೆ ಒಂದು ಕಲ್ಲಿಟ್ಟು ಮುಚ್ಚುವುದು ಕಣ್ಣಿಗೆ ಮಣ್ಣೆರಚಿದಂತೆಯೇ ಸರಿ. ಗೆದ್ದಲಿನ ಹುತ್ತಗಳ ಒಳಗೂ ಹೀಗೆಯೇ ಟೊಳ್ಳಿರುವುದು. ಹುತ್ತವೆಂದರೆ ನಾಗನ ಸ್ಥಾನವೆಂದು ಹಾಲೆರೆಯುವ ಜನರು ಅದನ್ನು ಮುಟ್ಟುವುದಕ್ಕೆ ಹಿಂಜರಿಯುವುದು ಸಹಜ. ಈ ಭಾವನೆಯನ್ನು ಹಾಸ್ಯ ಮಾಡುವುದರಿಂದ ಏನೂ ಪ್ರಯೋಜನವಿಲ್ಲ. ಊರಿನ ಹಿರಿಯರು ಮುಂದೆ ನಿಂತು, ಪೂಜಿಸಿ, ಅರಳಿಕಟ್ಟೆಯ ಬಳಿಯಲ್ಲೋ ದೇವಸ್ಥಾನದ ಅಂಗಳದಲ್ಲೋ ನಾಗರಕಲ್ಲನ್ನು ಪ್ರತಿಷ್ಠಿಸಿ, ತರುವಾಯ ಏರಿಯನ್ನು ದುರಸ್ತು ಮಾಡಿಸಿದರೆ ಭಕ್ತಿಗೂ ಭಂಗವಿಲ್ಲ, ಏರಿಗೂ ಭಂಗವಿಲ್ಲ. ಇದನ್ನು ಹಿರಿಯರು ಮಾಡಬಲ್ಲರೇ ಹೊರತು ಸರಕಾರದ ನೌಕರರು ಮಾಡಲಾರರು.

ಏರಿಯ ಮೇಲೆ ಗರಿಕೆಯಂಥ ಹುಲ್ಲು ಇರಬೇಕು, ಗಿಡಮರಗಳಿರಕೂಡದು. ಹುಲ್ಲಿನ ಬೇರು ಮೇಲಿನ ಮಣ್ಣನ್ನು ಹಿಡಿಯುವುದು. ಲಂಟಾನ, ಬಳ್ಳಾರಿ ಜಾಲಿ ಮೊದಲಾದ ಪೊದೆಗಳು ಬಿಲಗಳನ್ನೂ ಜಿನುಗನ್ನೂ ಮರೆಮಾಡುವುವು. ದೊಡ್ಡ ಮರದ ಬೇರುಗಳು ಆಳಕ್ಕೆ ಇಳಿದು, ಮರ ಸತ್ತ ಮೇಲೆ ಕೊಳೆತು, ಏರಿಯೊಳಗೆ ಕೊಳವೆಯಂತೆ ದಾರಿ ಬಿಡುವುವು. ಸಣ್ಣ ಗಿಡಗಳನ್ನು ವರ್ಷವರ್ಷವೂ ಬುಡಸಮೇತ ಕೀಳತಕ್ಕದ್ದು. ಹಳೆಯ ದೊಡ್ಡ ಮರವನ್ನಾದರೋ ಸುಮ್ಮನೆ ಕಡಿದು ಬೇರನ್ನು ಬಿಡುವುದು ನಿಂತ ಮರಕ್ಕಿಂತ ಅಪಾಯಕರ. ಇಂಜಿನಿಯರರನ್ನು ಕೇಳಿ, ಕೆರೆ ಒಣಗಿರುವಾಗ ಬೇರನ್ನು ತೆಗೆದು ಆ ಗುಂಡಿಯನ್ನು ಬಡಿದು ತುಂಬಬೇಕು.

ಏರಿಯ ಹೊರಬದಿಯ ಬುಡದಲ್ಲಿ ನೀರು ಜಿನುಗುವುದನ್ನು ನೋಡುವ ಬಗೆಯನ್ನು ಪ್ರತಿಯೊಬ್ಬ ಜಮೀನುದಾರನೂ ತಿಳಿದಿರಬೇಕು. ಜಿನುಗುವ ನೀರು ತಿಳಿಯಾಗಿದ್ದು, ಹೆಚ್ಚದೆ ಇದ್ದರೆ ಅದನ್ನು ಗುರುತಿಟ್ಟು ಗಮನಿಸುತ್ತಿದ್ದರೆ ಸಾಕು. ನೀರು ರಾಡಿಯಾಗಿ ಬಂದರೆ ಏರಿಯೊಳಗಿನ ಮಣ್ಣು ಕರಗಿ ಹೊರಗೆ ಬರುತ್ತಿದೆಯೆಂದು ಅರ್ಥ. ಆಗ ಒಂದು ಗಳಿಗೆಯನ್ನೂ ಕಳೆಯಕೂಡದು. ಇಂಥ ಸಮಯದಲ್ಲಿ ಸಾಮಾನ್ಯವಾಗಿ ಮಾಡುವ ತಪ್ಪೆಂದರೆ, ನೀರು ಹೊರಬೀಳುವ ಬಾಯಿಗೆ ಜೇಡಿಮಣ್ಣನ್ನು ಮೆತ್ತುವುದು. ಹಾಗೆ ಮಾಡಿದರೆ ಒಳಗಿನ ಒತ್ತಡ ಹೆಚ್ಚಿ ನೀರು ಪಕ್ಕದಲ್ಲಿ ಬಾಯಿಬಿಡುವುದು. ನೀರನ್ನು ಹೋಗಗೊಡಬೇಕು, ಮಣ್ಣನ್ನು ಹೋಗಗೊಡಕೂಡದು. ಅದಕ್ಕಾಗಿ ಮೊದಲು ದಪ್ಪ ಮರಳನ್ನೂ, ಅದರ ಮೇಲೆ ಸಣ್ಣ ಜಲ್ಲಿಯನ್ನೂ, ಅದರ ಮೇಲೆ ದಪ್ಪ ಜಲ್ಲಿಯನ್ನೂ ಹರಡಿ, ಸುತ್ತಲೂ ಮೂಟೆಗಳಿಂದ ಬಾವಿಕಟ್ಟೆಯಂತೆ ಕಟ್ಟತಕ್ಕದ್ದು. ಕೋಡಿಯ ಮೇಲೆ ಇಡಬಾರದ ಮೂಟೆಗಳು ಇಲ್ಲಿ ಉಪಯೋಗಕ್ಕೆ ಬರುವುವು. ಅದೇ ವೇಳೆಗೆ ತೂಬನ್ನು ತೆಗೆದು ಕೆರೆಯ ಮಟ್ಟವನ್ನು ಇಳಿಸುತ್ತಾ ಬರಬೇಕು. ಸಾಧ್ಯವಿದ್ದ ಮಟ್ಟಿಗೆ ನಿಧಾನವಾಗಿಯೇ ಇಳಿಸುವುದು ಒಳ್ಳೆಯದು. ನೀರು ಹಠಾತ್ತನೆ ಇಳಿದರೆ ನೆನೆದ ಒಳಮೈ ಕುಸಿಯುವುದುಂಟು.

ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಗ್ರಾಮದ ಸಣ್ಣ ಕಟ್ಟೆಯು ೨೦೧೯ರ ಜುಲೈ ೨ರ ರಾತ್ರಿ ಒಡೆದು, ಸುಮಾರು ಇಪ್ಪತ್ತು ಮಂದಿ ಪ್ರಾಣ ಬಿಟ್ಟರು. ಏರಿ ಸೋರುತ್ತಿದೆಯೆಂದು ಗ್ರಾಮಸ್ಥರು ಅದಕ್ಕೆ ಮುಂಚೆಯೇ ದೂರು ಕೊಟ್ಟಿದ್ದರು. ಒಡೆದ ಮೇಲೆ ಏಡಿಗಳೇ ಇದಕ್ಕೆ ಕಾರಣವೆಂಬ ಮಾತೂ ಹುಟ್ಟಿತು. ಏಡಿಗಳು ಬಿಲ ತೋಡುವುದು ಅವುಗಳ ಸ್ವಭಾವ. ಬಿಲವನ್ನು ನೋಡಿ ಮುಚ್ಚುವುದು ಮನುಷ್ಯರ ಕರ್ತವ್ಯ. ದೂರು ಕೊಟ್ಟಲ್ಲಿಗೆ ಊರಿನ ಹೊಣೆ ತೀರುವುದಿಲ್ಲವೆಂಬುದೂ ಈ ಪ್ರಸಂಗದಿಂದ ತಿಳಿಯತಕ್ಕದ್ದು. ದುರಸ್ತಾಗುವವರೆಗೆ ಕೆರೆಯನ್ನು ಪೂರಾ ತುಂಬಗೊಡದಿರುವುದೂ, ಏರಿಯ ಕೆಳಗಿನವರನ್ನು ಮಳೆಯ ರಾತ್ರಿಗಳಲ್ಲಿ ಎಚ್ಚರಿಸಿ ಬೇರೆ ಕಡೆಗೆ ಕಳುಹಿಸುವುದೂ ಊರಿನ ಕೈಯಲ್ಲಿಯೇ ಇರುವ ಕೆಲಸಗಳು.

ತೂಬಿನ ಬಳಿಯಲ್ಲಿ ಮಣ್ಣೂ ಕಲ್ಲುಕಟ್ಟಡವೂ ಸಂಧಿಸುವುದರಿಂದ ಅಲ್ಲಿಯೇ ನೀರು ಸುಲಭವಾಗಿ ದಾರಿ ಹುಡುಕುವುದು. ತೂಬು ಮುಚ್ಚಿದ್ದಾಗಲೂ ಕಾಲುವೆಯಲ್ಲಿ ನೀರಾಡುತ್ತಿದ್ದರೆ, ಅದು ತೂಬಿನೊಳಗಿಂದ ಬರುವುದೋ ಪಕ್ಕದಿಂದ ಬರುವುದೋ ಎಂದು ಪರೀಕ್ಷಿಸಬೇಕು. ಬಹುಕಾಲದಿಂದ ತೆಗೆಯದೆ ತುಕ್ಕು ಹಿಡಿದು ಕುಳಿತ ತೂಬು, ಆಪತ್ತಿನ ದಿನ ತೆಗೆಯಲು ಹೋದರೆ ಬಗ್ಗುವುದಿಲ್ಲ. ಒಳಮೈಯ ಕಲ್ಲುಹಾಸಿನಿಂದ ಒಂದು ಕಲ್ಲು ಜಾರಿದರೂ ಅಲೆಗಳು ಅಲ್ಲಿಯೇ ಕೊರೆಯುವುವು. ಮನೆಯ ಕೆಲಸಕ್ಕೆಂದು ಆ ಕಲ್ಲುಗಳನ್ನು ಹೊತ್ತೊಯ್ಯುವವರನ್ನು ಊರಿನವರು ತಡೆಯಬೇಕು. ಈಚೆಗೆ ಯಂತ್ರಗಳಿಂದ ಹೂಳೆತ್ತುವುದು ರೂಢಿಯಾಗಿದೆ. ಅದು ಒಳ್ಳೆಯದೇ, ಆದರೆ ಲಾರಿಗಳಿಗೆ ಹತ್ತಿರವೆಂದು ಏರಿಯ ಒಳಬುಡದಲ್ಲಿಯೇ ಆಳವಾಗಿ ಬಗೆದರೆ, ಶತಮಾನಗಳಿಂದ ಕೂತ ಜೇಡಿಯ ಹೊದಿಕೆ ಹರಿದು, ನೀರು ಏರಿಯ ತಳದಿಂದ ಹೊರಗೆ ಹೊರಡುವುದು. ಏರಿಯಿಂದ ಎಷ್ಟು ದೂರ ಬಿಟ್ಟು ಅಗೆಯಬೇಕೆಂಬುದನ್ನು ಇಂಜಿನಿಯರರಿಂದ ಗುರುತು ಹಾಕಿಸಿಕೊಂಡ ಹೊರತು ಯಂತ್ರವನ್ನು ಕೆರೆಗೆ ಇಳಿಯಗೊಡಕೂಡದು.

ಕಾಲವೂ ಬದಲಾಗಿದೆಯೆಂಬುದನ್ನು ಗಮನಿಸತಕ್ಕದ್ದು. ವರ್ಷಗಟ್ಟಲೆ ಒಣಗಿದ ಕೆರೆಗಳು ಒಂದೇ ಮಳೆಗಾಲದಲ್ಲಿ ತುಂಬಿ ಹರಿಯುವುದನ್ನು ಜನರು ೨೦೨೧ರಲ್ಲಿಯೂ ೨೦೨೨ರಲ್ಲಿಯೂ ಕಂಡರು; ೨೦೨೨ರ ಆಗಸ್ಟ್ ತಿಂಗಳ ಕಡೆಯಲ್ಲಿ ರಾಮನಗರದ ಬಳಿ ಬೆಂಗಳೂರು ಮೈಸೂರು ಹೆದ್ದಾರಿಯೇ ನೀರಿನಲ್ಲಿ ಮುಳುಗಿತು. ಹತ್ತು ವರ್ಷ ಬಿರುಕು ಬಿಟ್ಟು ಒಣಗಿದ್ದ ಏರಿಯ ಮೇಲೆ ನೀರು ಒಮ್ಮೆಗೇ ನಿಂತರೆ ಅಪಾಯ ಹೆಚ್ಚು. ಆ ಹತ್ತು ವರ್ಷಗಳಲ್ಲಿ ಕೋಡಿಯನ್ನು ಮರೆತ ಊರಿಗೆ ಇನ್ನೂ ಹೆಚ್ಚು. ಇದಕ್ಕೆ ವಿರುದ್ಧವಾಗಿ, ಕೋಲಾರ ಸೀಮೆಯಲ್ಲಿ ೨೦೧೮ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಹರಿಸಿದ ಮೇಲೆ ಬೇಸಗೆಯಲ್ಲಿಯೂ ನೀರು ನಿಲ್ಲುವ ಕೆರೆಗಳುಂಟು. ಇದು ಅಂತರ್ಜಲಕ್ಕೆ ಉಪಕಾರವಾದರೂ, ತುಂಬಿದ ಕೆರೆಗೆ ಮಳೆಯ ನೀರನ್ನು ಹಿಡಿದುಕೊಳ್ಳಲು ಸ್ಥಳವಿರುವುದಿಲ್ಲ. ಬಂದದ್ದೆಲ್ಲವೂ ಕೋಡಿಯ ಮೇಲೆಯೇ ಹೋಗಬೇಕು. ಒಳಮೈಯನ್ನು ಒಣಗಿದ್ದಾಗ ಪರೀಕ್ಷಿಸುವ ಅವಕಾಶವೂ ಅಲ್ಲಿ ತಪ್ಪುವುದು. ಅಂಥ ಊರುಗಳಲ್ಲಿ ಕೋಡಿಯ ಎಚ್ಚರಿಕೆ ಇಮ್ಮಡಿಯಾಗಿರಬೇಕು.

ಇವೆಲ್ಲಕ್ಕೂ ದೊಡ್ಡ ಹಣ ಬೇಕಾಗಿಲ್ಲ. ಗೊತ್ತಾದ ಒಂದು ಕ್ರಮ ಬೇಕು. ಯುಗಾದಿ ಕಳೆದು ಭರಣಿ ಮಳೆ ಹಿಡಿಯುವುದರೊಳಗೆ ಒಂದು ಸಲ, ಸ್ವಾತಿ ಮಳೆ ಮುಗಿದ ಮೇಲೆ ಒಂದು ಸಲ, ಊರಿನ ಮುಖಂಡರು, ಅಚ್ಚುಕಟ್ಟುದಾರರಿಂದ ಇಬ್ಬರು, ಹಿಂಬದಿಯ ಜಮೀನುದಾರರಿಂದ ಇಬ್ಬರು, ಏರಿಯ ಕೆಳಗಿನ ಮನೆಗಳಿಂದ ಇಬ್ಬರು ಕೂಡಿ ಏರಿಯ ಈ ತುದಿಯಿಂದ ಆ ತುದಿಗೆ, ನೆತ್ತಿಯ ಮೇಲೆ ಒಂದು ಸಲ, ಹೊರಬುಡದಲ್ಲಿ ಒಂದು ಸಲ ನಡೆದು ನೋಡತಕ್ಕದ್ದು. ಕಂಡದ್ದನ್ನು ಒಂದು ಪುಸ್ತಕದಲ್ಲಿ ತಾರೀಖಿನೊಡನೆ ಬರೆದಿಟ್ಟು ಪಂಚಾಯತಿಗೆ ನಕಲು ಕೊಡಬೇಕು. ಹೋದ ವರ್ಷದ ಬರವಣಿಗೆಯೇ ಈ ವರ್ಷದ ಸಾಕ್ಷಿಯಾಗುವುದು. ಕೋಡ���ಯ ಪಕ್ಕದಲ್ಲಿ ಒಂದು ಕಲ್ಲು ನೆಟ್ಟು, ಕೋಡಿಯ ಸರಿಯಾದ ಮಟ್ಟವನ್ನು ಅದರ ಮೇಲೆ ಎಲ್ಲರ ಎದುರಿನಲ್ಲಿ ಕೆತ್ತಿಸಿದರೆ, ಮುಂದೆ ಏರಿಸಿದರೋ ಇಳಿಸಿದರೋ ಎಂಬ ವಾದಕ್ಕೆ ಎಡೆಯಿರುವುದಿಲ್ಲ. ಕೆರೆ ತುಂಬಿದ ಮೇಲೆ ಮಳೆಯ ರಾತ್ರಿಗಳಲ್ಲಿ ಸರದಿಯ ಮೇಲೆ ಇಬ್ಬರು ಕಾವಲಿರಬೇಕು. ಕೆಳಗಿನ ಊರಿನ ಮುಖಂಡರಿಗೆ ದೂರವಾಣಿಯ ಮೂಲಕ ಸುದ್ದಿ ಮುಟ್ಟಿಸುವ ಏರ್ಪಾಟನ್ನು ಮುಂಚಿತವಾಗಿಯೇ ಮಾಡಿಕೊಂಡಿರಬೇಕು. ಕಾವಲಿಗೂ ಸಣ್ಣ ದುರಸ್ತಿಗೂ ಅಚ್ಚುಕಟ್ಟಿನ ಎಕರೆಗೆ ಇಷ್ಟೆಂದು ಸುಗ್ಗಿಯಲ್ಲಿ ಎತ್ತಿಡುವುದು ಹಿಂದೆ ಧಾನ್ಯ ಕೊಡುತ್ತಿದ್ದುದಕ್ಕಿಂತ ಭಾರವಾದದ್ದಲ್ಲ.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆಯನ್ನು ಕೇಳದವರಿಲ್ಲ. ಒಡೆದ ಏರಿಯನ್ನು ಕಟ್ಟಿಸುವುದಕ್ಕೆ ಸರಕಾರದ ಹಣ ಬರಬಹುದು. ಗದ್ದೆಯ ಮೇಲೆ ಬಿದ್ದ ಮರಳನ್ನು ತೆಗೆಯುವುದಕ್ಕೆ ಎರಡು ಮೂರು ವರ್ಷ ಹಿಡಿಯಬಹುದು. ಕೊಚ್ಚಿಹೋದ ಮನುಷ್ಯರು ಮಾತ್ರ ಹಿಂದಿರುಗುವುದಿಲ್ಲ. ಮುಖಂಡನೆನಿಸಿಕೊಂಡವನು ಒಂದು ಕಡೆ ಅಚ್ಚುಕಟ್ಟುದಾರರಿಗೂ ಇನ್ನೊಂದು ಕಡೆ ಹಿಂಬದಿಯವರಿಗೂ ನ್ಯಾಯ ಹೇಳುವಾಗ, ಆ ನ್ಯಾಯಕ್ಕೆ ಬಾರದೆ ಏರಿಯ ಕೆಳಗೆ ಮಲಗಿರುವವರನ್ನು ಮೊದಲು ನೆನೆಯಬೇಕು. ಅವರ ಪರವಾಗಿ ಅವನು ಆಡಬೇಕಾದ ಮಾತು ಒಂದೇ: ಕೋಡಿಯನ್ನು ಯಾರೂ ಮುಟ್ಟಕೂಡದು. ಅದನ್ನು ಈ ಬೇಸಗೆಯಲ್ಲಿಯೇ, ಕೆರೆ ಒಣಗಿರುವಾಗಲೇ, ಎಲ್ಲರನ್ನೂ ಕೋಡಿಯ ಬಳಿಗೆ ಕರೆದು ಆಡುವುದು ಉತ್ತಮ.